ಎರಡು ವರ್ಷ ಬಳಸಿದ ಮೇಲೆ: ಸಸಿ ಮಾಡುವವರಿಗೆ ಈ ಪಿಎಚ್ ಪೆನ್ ಹೇಗಿದೆ?

ತಾರಸಿಯಲ್ಲಿ ಟೊಮೆಟೊ, ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ ಸಸಿಗಳನ್ನು ನಾನೇ ಮಾಡಿಕೊಳ್ಳುತ್ತೇನೆ. ಅದಕ್ಕಾಗಿ ಎರಡು ವರ್ಷದ ಹಿಂದೆ 950 ರೂಪಾಯಿ ಕೊಟ್ಟು ಈ ಪಿಎಚ್ ಪೆನ್ ತಗೊಂಡೆ. ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅಂತ ಅಂಕಿಯಲ್ಲಿ ತೋರಿಸುತ್ತದೆ; 7 ನಡುವಿನದು, ಅದಕ್ಕಿಂತ ಮೇಲೆ ಹೋದಷ್ಟೂ ಕ್ಷಾರ. ಹಳದಿ ಬಣ್ಣದ ಮಾಮೂಲಿ ಪೆನ್, ಬಟನ್ ಸೆಲ್ ಹಾಕುವಂಥದ್ದು.

ತಗೊಳ್ಳುವುದಕ್ಕೆ ಕಾರಣ ನಮ್ಮ ನೀರು. ಬೆಂಗಳೂರಿನ ಅಂಚಿನಲ್ಲಿ ನಮ್ಮ ಮನೆ, ಕಾವೇರಿ ಇನ್ನೂ ಬಂದಿಲ್ಲ, ಬೋರ್‌ವೆಲ್ ನೀರೇ ಗತಿ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಅಷ್ಟು ಗಡಸು. ಆ ವರ್ಷ ಟ್ರೇಯಲ್ಲಿದ್ದ ಟೊಮೆಟೊ ಸಸಿಗಳ ಹೊಸ ಎಲೆ ಹಳದಿ ಆಗತೊಡಗಿತು. ನರ ಮಾತ್ರ ಹಸಿರು, ನಡುವೆ ಎಲ್ಲ ಹಳದಿ. ಹೊಟ್ಟೆಗೆ ಸಾಲುತ್ತಿಲ್ಲ ಅಂದುಕೊಂಡು 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮವಾಗಿರುವ, ನೀರಿನಲ್ಲಿ ಕರಗುವ ಗೊಬ್ಬರ) ಇನ್ನಷ್ಟು ಹಾಕಿದೆ. ಮೂರೇ ದಿನಕ್ಕೆ ಎಲೆಯ ತುದಿ ಸುಟ್ಟಿತು. ನರ್ಸರಿಯವರಿಗೆ ತೋರಿಸಿದಾಗ, "ಅಕ್ಕಾ, ಗೊಬ್ಬರ ನಿಲ್ಲಿಸಿ. ಮೊದಲು ನಿಮ್ಮ ನೀರು ನೋಡಿ" ಅಂದರು. ಪೆನ್ ಬಂದ ದಿನವೇ ನೀರಿಗೆ ಅದ್ದಿದೆ. 8.1! ನೀರು ಅಷ್ಟು ಕ್ಷಾರವಾದರೆ ಕಬ್ಬಿಣದ ಅಂಶ ಬುಡದಲ್ಲೇ ಇದ್ದರೂ ಬೇರಿಗೆ ಸಿಗುವುದಿಲ್ಲ. ಅದಕ್ಕೇ ಹಳದಿ.

ಈಗ ಹೀಗೆ ಮಾಡುತ್ತೇನೆ. ಮೊದಲು ಗೊಬ್ಬರ ಕರಗಿಸಬೇಕು, ಆಮೇಲೆ ಪಿಎಚ್ ನೋಡಬೇಕು. ಗೊಬ್ಬರ ಬಿದ್ದ ಕೂಡಲೇ ನೀರಿನ ಪಿಎಚ್ ಬದಲಾಗುತ್ತದೆ, ಹಾಗಾಗಿ ಉಲ್ಟಾ ಮಾಡಿದರೆ ಉಪಯೋಗವಿಲ್ಲ. ಇಳಿಸುವುದಕ್ಕೆ ಸಿಟ್ರಿಕ್ ಆಸಿಡ್ ಸಾಕು, ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುತ್ತದಲ್ವಾ, ಅದೇ. ನಮ್ಮ ನೀರಿಗೆ 10 ಲೀಟರಿಗೆ ಸುಮಾರು 3 ಗ್ರಾಂ ಹಾಕಿದರೆ 6.2ರ ಹತ್ತಿರ ಬರುತ್ತದೆ. ನಿಮ್ಮ ನೀರಿಗೆ ಲೆಕ್ಕ ಬೇರೆ ಇರುತ್ತದೆ, ಚಿಟಿಕೆ ಚಿಟಿಕೆಯಾಗಿ ಹಾಕಿ ನೋಡಿ. ನಾನು ಸಸಿ ಮಾಡುವ ಕೋಕೋಪೀಟ್‌ಗೆ, ಅಂದರೆ ತೆಂಗಿನ ನಾರಿನ ಪುಡಿಗೆ, 5.5ರಿಂದ 6.5 ಒಳ್ಳೆಯದು. ಬೆರೆಸಿದ ನೀರನ್ನು ಅವತ್ತೇ ಮುಗಿಸಬೇಕು. ಮರುದಿನ ನೋಡಿದರೆ ಪಿಎಚ್ ಮತ್ತೆ ಮೇಲೆ ಏರಿರುತ್ತದೆ.

ಬೀಜದೆಲೆ ಮಾತ್ರ ಇರುವಾಗ ಗೊಬ್ಬರ ಬೇಡವೇ ಬೇಡ. ಬೀಜದಲ್ಲಿ ಇರುವ ಬುತ್ತಿಯೇ ಅದಕ್ಕೆ ಸಾಕು. ನಿಜವಾದ ಎಲೆ ಎರಡು ಬಿಟ್ಟ ಮೇಲೆ ಲೀಟರಿಗೆ ಅರ್ಧ ಗ್ರಾಂ 19:19:19, ನಾಲ್ಕು ದಿನಕ್ಕೊಮ್ಮೆ. ಕ್ಯಾಲ್ಸಿಯಂ ನೈಟ್ರೇಟ್ ಬೇರೆ ದಿನ ಕೊಡುತ್ತೇನೆ, ಎರಡನ್ನೂ ಗಟ್ಟಿಯಾಗಿ ಒಟ್ಟಿಗೆ ಕಲಸಿದರೆ ತಳದಲ್ಲಿ ಬಿಳಿ ಗಷ್ಟು ನಿಲ್ಲುತ್ತದೆ. ನೀರು ಬೆಳಿಗ್ಗೆ ಮಾತ್ರ. ಟ್ರೇ ಎತ್ತಿ ನೋಡಿ, ಹಗುರ ಅನಿಸಿದರೆ ಹಾಕಿ. ಸುಮ್ನೆ ದಿನಾ ಹಾಕುತ್ತಾ ಹೋದರೆ ಬುಡ ಕೊಳೆತು ಸಸಿ ಸಾಲು ಸಾಲಾಗಿ ಮಲಗುತ್ತದೆ.

ಇನ್ನು ಪೆನ್ನಿನ ದೊಡ್ಡ ತೊಂದರೆ. ತುದಿಯಲ್ಲಿ ಗೋಲಿಗಿಂತ ಚಿಕ್ಕ ಗಾಜಿನ ಗುಳ್ಳೆ ಇದೆ, ಅದು ಯಾವಾಗಲೂ ಒದ್ದೆ ಇರಬೇಕು. ಜೊತೆಗೆ ಬಂದ ಚೀಟಿಯಲ್ಲಿ ಈ ಮಾತೇ ಇಲ್ಲ. ಕಳೆದ ಬೇಸಿಗೆಯಲ್ಲಿ ಮೂರು ವಾರ ಊರಿಗೆ ಹೋಗಿದ್ದೆ, ಮುಚ್ಚಳದೊಳಗೆ ಒಣಗಿಹೋಯಿತು. ಬಂದ ಮೇಲೆ ಪೆನ್ ನಂಬಿ 6.2 ಅಂತ ನೀರು ಕೊಟ್ಟೆ. 98 ಗುಳಿಯ ಟ್ರೇ ಪೂರ್ತಿ ದಪ್ಪ ಮೆಣಸಿನಕಾಯಿ ಸಸಿ, ಮತ್ತೆ ಅದೇ ಹಳದಿ. ಅನುಮಾನ ಬಂದು 6.86ರ ಬಫರ್‌ಗೆ (ಪೆನ್ ಸರಿ ಇದೆಯಾ ಅಂತ ನೋಡುವುದಕ್ಕೆ ಬಳಸುವ, ಪಿಎಚ್ ಗೊತ್ತಿರುವ ದ್ರಾವಣ) ಅದ್ದಿದರೆ 5.9 ತೋರಿಸಿತು! ಅಂದರೆ ಪೆನ್ ಸುಮಾರು ಒಂದು ಅಂಕಿ ಕಡಿಮೆ ತೋರಿಸುತ್ತಿತ್ತು, ನಾನು 6.2 ಅಂತ ಕೊಟ್ಟ ನೀರು ನಿಜವಾಗಿ 7ರ ಮೇಲಿತ್ತು. ಪಿಎಚ್‌ನಲ್ಲಿ ಒಂದು ಅಂಕಿ ಅಂದರೆ ಹತ್ತು ಪಟ್ಟು ವ್ಯತ್ಯಾಸ. ಅರ್ಧಕ್ಕರ್ಧ ಸಸಿ ಕುಗ್ಗಿಹೋದವು, ನನಗೆ ತುಂಬಾ ಬೇಜಾರಾಯಿತು.

ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿ, ಬಫರ್‌ನಲ್ಲಿ ಮತ್ತೆ ಸರಿಹೊಂದಿಸಿದ ಮೇಲೆ ದಾರಿಗೆ ಬಂತು. ಆದರೆ ಮೊದಲು 20 ಸೆಕೆಂಡಿನಲ್ಲಿ ನಿಲ್ಲುತ್ತಿದ್ದ ಅಂಕಿ ಈಗ ಒಂದೂವರೆ ನಿಮಿಷ ತಗೊಳ್ಳುತ್ತದೆ. ಈಗ ಮುಚ್ಚಳದೊಳಗೆ ಅದೇ ದ್ರಾವಣದಲ್ಲಿ ನೆನೆಸಿದ ಚಿಕ್ಕ ಸ್ಪಂಜಿನ ತುಂಡು ಇಟ್ಟಿದ್ದೇನೆ. ಆರ್‌ಒ ನೀರಿನಲ್ಲಿ ಮಾತ್ರ ಇಡಬೇಡಿ, ಗುಳ್ಳೆ ಹಾಳಾಗುತ್ತದೆ.

ಆರ್‌ಒ ನೀರಿಗೆ ಅದ್ದಿದಾಗ ಅಂಕಿ ನಿಲ್ಲುವುದಿಲ್ಲ ಅಂತ ತುಂಬಾ ಜನ ಒಂದು ಸ್ಟಾರ್ ಕೊಟ್ಟಿದ್ದಾರೆ. ಅದು ಪೆನ್ನಿನ ತಪ್ಪಲ್ಲ. ಆ ನೀರಿನಲ್ಲಿ ಲವಣವೇ ಇರುವುದಿಲ್ಲವಲ್ಲ, ಯಾವ ಪೆನ್ನೇ ಆದರೂ ಓಲಾಡುತ್ತದೆ. ಗೊಬ್ಬರ ಬೆರೆಸಿ ನೋಡಿ, ನಿಲ್ಲುತ್ತದೆ.

ನನ್ನಿಂದ ಐದಕ್ಕೆ ಮೂರೂವರೆ. ಗಡಸು ನೀರು ಇರುವವರು ಧಾರಾಳವಾಗಿ ತಗೊಳ್ಳಿ, ಆದರೆ ಬಫರ್ ಪುಡಿ ಎರಡು ಜೊತೆ ಜಾಸ್ತಿ ತರಿಸಿ. ತಿಂಗಳಿಗೊಮ್ಮೆ ಪರೀಕ್ಷೆ ಮಾಡಲೇಬೇಕು. ನಾನು ಮುಂದಿನ ಸಲ ತುದಿ ಬದಲಾಯಿಸಬಹುದಾದ ಪೆನ್ ತಗೊಳ್ಳುತ್ತೇನೆ, ಬೆಲೆ ಜಾಸ್ತಿ ಆದರೂ ಪರವಾಗಿಲ್ಲ. ಸದ್ಯಕ್ಕೆ ಇದೇ ಪೆನ್ನಿನಲ್ಲಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಯ ಟೊಮೆಟೊ ಸಸಿ ಬೆಳೆಸುತ್ತಿದ್ದೇನೆ. ಇವತ್ತಿಗೆ 19 ದಿನ, ನಾಲ್ಕನೇ ಎಲೆ ಬಂದಿದೆ, ಒಂದರಲ್ಲೂ ಹಳದಿ ಇಲ್ಲ.