ವರ್ಲ್‌ಪೂಲ್ ಟಬ್ ಹಾಕಿಸುವವರೇ, ಟೈಲ್ಸ್ ಕೂರಿಸುವ ಮುಂಚೆ ಇದನ್ನು ಓದಿ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ.

ಹಳೇ ಬಾತ್‌ರೂಮ್ ಪೂರ್ತಿ ಒಡೆಸಿ ಹೊಸದು ಮಾಡಿಸಿದೆವು. ಜೊತೆಗೊಂದು ವರ್ಲ್‌ಪೂಲ್ ಟಬ್. ಅದೇ, ಪಕ್ಕದ ತೂತುಗಳಿಂದ ನೀರು ರಭಸವಾಗಿ ಚಿಮ್ಮುತ್ತದಲ್ಲ, ಅದು. ಪ್ಲಂಬಿಂಗ್, ಟೈಲ್ಸ್, ಕರೆಂಟ್ ಎಲ್ಲ ಒಬ್ಬನೇ ಕಂಟ್ರಾಕ್ಟರ್. ಹೆಸರು ಹಾಕುವುದಿಲ್ಲ. ಹಾಕಿದರೂ ಪ್ರಯೋಜನ ಇಲ್ಲ, ಇಂಥವರು ಎಲ್ಲ ಕಡೆ ಇದ್ದಾರೆ.

ಟಬ್ ಜೊತೆ ಬಂದ ಪುಸ್ತಕದಲ್ಲಿ ಸ್ಪಷ್ಟವಾಗಿತ್ತು. ಡಿಬಿಯಿಂದ, ಅಂದರೆ ಮನೆಯ ಕರೆಂಟ್ ಹಂಚುವ ಬಾಕ್ಸಿನಿಂದ, ಪ್ರತ್ಯೇಕ ಲೈನ್. ಅದಕ್ಕೆ ಅದರದ್ದೇ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್), 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ, ಅಂದರೆ ಮೈಗೆ ಹರಿದರೂ, ಬೀಳುವ ಸ್ವಿಚ್), ಸರಿಯಾದ ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಕಳಿಸುವ ತಂತಿ). ಗೋಡೆ ಕೊರೆಯುವ ಮುಂಚೆಯೇ ಆ ಪುಟ ತೋರಿಸಿದ್ದೆ. ಉತ್ತರ ಏನು ಗೊತ್ತಾ? "ಬುಕ್‌ನಲ್ಲಿ ಹಂಗೇ ಬರ್ದಿರ್ತಾರೆ ಮೇಡಂ. ಗೀಸರ್ ಲೈನ್ ಇದೆಯಲ್ಲ, ಅದ್ರಿಂದನೇ ಎಳೀತೀನಿ. ಏನೂ ಆಗಲ್ಲ." ಬೇಡ, ಬೇರೆ ಲೈನೇ ಬೇಕು ಅಂದೆ. ಎಸ್ಟಿಮೇಟ್‌ನಲ್ಲೂ ಬರೆಸಿದೆ, ದುಡ್ಡೂ ಸೇರಿಸಿದ. "ಆಯ್ತು ಮೇಡಂ, ಮಾಡ್ಸೋಣ." ಆಮೇಲೆ ಗೋಡೆ ಮುಚ್ಚಿತು, ಟೈಲ್ಸ್ ಕೂತಿತು.

ಟಬ್ ಚಾಲೂ ಮಾಡಿದರೆ ನೀರು ಬೆಚ್ಚಗಾಗುವ ಹೊತ್ತಿಗೆ ಟಪ್ ಅಂತ ಎಂಸಿಬಿ ಬೀಳುತ್ತಿತ್ತು. ಗೀಸರ್ ಆನ್ ಇದ್ದಾಗಲೇ ಬೀಳುತ್ತಿತ್ತು ಅಂತ ಆಮೇಲೆ ಗಮನಕ್ಕೆ ಬಂತು. ಫೋನ್ ಮಾಡಿದೆ. ಬಂದ. ಡಿಬಿ ಹತ್ತಿರ ಸ್ವಲ್ಪ ಹೊತ್ತು ಏನೋ ಮಾಡಿದ. "ಎಂಸಿಬಿ ವೀಕ್ ಆಗಿತ್ತು ಮೇಡಂ, ಒಳ್ಳೇದು ಹಾಕಿದೀನಿ." ನಿಜವಾಗಿಯೂ ಬೀಳುವುದು ನಿಂತಿತು. ನನಗೆ ಶಾಕ್ ಹೊಡೆಯೋ ಭಯ ಅಂತ ಗೊತ್ತಿದ್ದದ್ದಕ್ಕೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಬೇರೆ ಒತ್ತಿ ತೋರಿಸಿದ. ಟಪ್. "ನೋಡಿ ಮೇಡಂ, ಪರ್ಫೆಕ್ಟ್. ಮಕ್ಕಳನ್ನೂ ಬಿಡಬಹುದು." ನಾನು ಥ್ಯಾಂಕ್ಸ್ ಹೇಳಿದೆ. ಥ್ಯಾಂಕ್ಸ್! ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಕೆಲಸ ಎಷ್ಟು ಚೆನ್ನಾಗಿ ಮಾಡಿದ್ದಾನೆ ಅಂತ ನೆಂಟರ ಮುಂದೆ ಹೊಗಳಿದ್ದೂ ಆಯಿತು.

ಆಮೇಲೆ ಒಂದು ದಿನ ಗೀಸರ್ ಸ್ವಿಚ್ಚಿನ ಪ್ಲೇಟ್ ಮುಟ್ಟಿದರೆ ಬಿಸಿ. ಪ್ಲಾಸ್ಟಿಕ್ ಸುಟ್ಟ ವಾಸನೆ. ಬೇರೆ ಎಲೆಕ್ಟ್ರಿಷಿಯನ್ ಕರೆಸಿದೆ. ಅವರು ಮೇನ್ ಆಫ್ ಮಾಡಿ ಪ್ಲೇಟ್ ಬಿಚ್ಚಿದರು. ಒಳಗೆ ಗೀಸರ್ ತಂತಿಗೇ ಟಬ್ಬಿನ ತಂತಿ ತಿರುಚಿ, ಮೇಲೆ ಟೇಪ್ ಸುತ್ತಿತ್ತು. ಟೇಪ್ ಕರಗಿ ಅಂಟಂಟಾಗಿತ್ತು, ತಂತಿಯ ತೊಗಲು ಕಂದು ಬಣ್ಣಕ್ಕೆ ತಿರುಗಿತ್ತು. ಬೇರೆ ಲೈನ್ ಅಂತ ದುಡ್ಡು ತಗೊಂಡಿದ್ದನಲ್ಲ, ಇದೇ ಆ ಲೈನ್.

ಲೆಕ್ಕ ನೀವೇ ಹಾಕಿ. ಗೀಸರ್ 3 ಕಿಲೋವ್ಯಾಟ್, ಟಬ್ಬಿನ ಹೀಟರ್ 1.5, ಪಂಪ್ 0.9. ಮೂರೂ ಸೇರಿ 5.4. ಅಂದರೆ 230 ವೋಲ್ಟ್‌ನಲ್ಲಿ 23 ಆಂಪ್ಸ್ ದಾಟುತ್ತದೆ. ಮೊದಲು ಇದ್ದದ್ದು 16 ಆಂಪ್ಸ್ ಎಂಸಿಬಿ. ಅದು ವೀಕ್ ಅಲ್ಲ, ಅದರ ಕೆಲಸ ಅದು ಮಾಡುತ್ತಿತ್ತು. ಈ ಮನುಷ್ಯ ಅದನ್ನು ತೆಗೆದು 32 ಆಂಪ್ಸ್ ಕೂರಿಸಿದ್ದ. ತಂತಿ ಮಾತ್ರ ಅದೇ 2.5 ಸ್ಕ್ವೇರ್ ಎಂಎಂ. ಎಂಸಿಬಿ ಇರುವುದೇ ತಂತಿ ಕಾಯುವುದಕ್ಕೆ. ಗೋಡೆಯೊಳಗಿನ ಪೈಪಿನಲ್ಲಿರುವ ಆ ತಂತಿ 32 ಆಂಪ್ಸ್ ತಡೆಯುವುದಿಲ್ಲ. ಅಂದರೆ ತಂತಿ ಬೆಂದರೂ ಎಂಸಿಬಿ ಬೀಳದ ಹಾಗೆ ಮಾಡಿ ಹೋಗಿದ್ದ.

ಇನ್ನು ಆ ಪರ್ಫೆಕ್ಟ್ ಆರ್‌ಸಿಸಿಬಿ. ಅದರ ಮೇಲೆ ಸಣ್ಣ ಅಕ್ಷರದಲ್ಲಿ 0.1 ಎ ಅಂತ ಇದೆ. ಅಂದರೆ 100 ಮಿಲಿಆಂಪ್ಸ್. 30 ಇರುವುದರ ಮೇಲೆ 0.03 ಎ ಅಂತ ಇರುತ್ತದೆ. ನೋಡುವುದಕ್ಕೆ ಎರಡೂ ಒಂದೇ ಥರ. 100ರದ್ದು ಬೆಂಕಿ ಹತ್ತದಿರಲಿ ಅಂತ ಇಡೀ ಮನೆಯ ಲೈನಿಗೆ ಹಾಕುವಂಥದ್ದು. ನೀರಿನಲ್ಲಿ ಕೂತ ಮನುಷ್ಯನನ್ನು ಕಾಪಾಡುವುದಕ್ಕೆ ಅದನ್ನು ನಂಬುವ ಹಾಗಿಲ್ಲ. ಒದ್ದೆ ಮೈಯಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಅದು 100 ಮುಟ್ಟುವ ಮುಂಚೆಯೇ ಗುಂಡಿಗೆ ತಾಳ ತಪ್ಪಬಹುದು. ಮತ್ತೆ ಟೆಸ್ಟ್ ಬಟನ್? ಅದು ಎರಡರಲ್ಲೂ ಟಪ್ ಅನ್ನುತ್ತದೆ! ಒಳಗಿನ ಯಂತ್ರ ಬೀಳುತ್ತದೆ ಅನ್ನುವುದಷ್ಟೇ ಅದರಿಂದ ಗೊತ್ತಾಗೋದು. 30ಕ್ಕೋ 100ಕ್ಕೋ ತಿಳಿಯಲ್ಲ. ಅರ್ಥ್ ತಂತಿ ಸೇರಿದೆಯೋ ಇಲ್ಲವೋ ಅದೂ ತಿಳಿಯಲ್ಲ. ನನ್ನ ಮುಂದೆ ಒತ್ತಿ ತೋರಿಸಿದನಲ್ಲ, ಅದು ಬರೀ ನಾಟಕ.

ಫೋನ್ ಮಾಡಿ ಕೇಳಿದೆ. ಅವನ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ.

"ಟ್ರಿಪ್ ಆಗ್ತಿದೆ ಅಂತ ನೀವೇ ಹೇಳಿದ್ರಿ. ಈಗ ಆಗ್ತಿಲ್ಲ. ಇನ್ನೇನು ಪ್ರಾಬ್ಲಂ?"

30 ಯಾಕೆ ಹಾಕಲಿಲ್ಲ ಅಂದರೆ, "30 ಹಾಕಿದ್ರೆ ಸುಮ್ಸುಮ್ನೆ ಬೀಳುತ್ತೆ ಮೇಡಂ, ಆಮೇಲೆ ನೀವೇ ಫೋನ್ ಮಾಡಿ ಬೈತೀರಾ."

ಬೇರೆ ಲೈನಿನ ದುಡ್ಡು ತಗೊಂಡೆಯಲ್ಲ ಅಂದರೆ, "ನಿಮಗೆ ಇದೆಲ್ಲ ಅರ್ಥ ಆಗಲ್ಲ ಮೇಡಂ, ಸಾರ್‌ಗೆ ಫೋನ್ ಕೊಡಿ." ಕೊಡಲಿಲ್ಲ. ಸಾರ್‌ಗೂ ಇದರ ತಲೆಬುಡ ಗೊತ್ತಿಲ್ಲ, ಆ ಮಾತು ಬೇರೆ.

ಇಷ್ಟಕ್ಕೇ ಮುಗಿಯಲಿಲ್ಲ. ಪಂಪ್ ಇರುವ ಜಾಗಕ್ಕೆ ಬಿಚ್ಚಿ ಹಾಕುವ ಬಾಗಿಲೇ ಇಟ್ಟಿಲ್ಲ, ಟೈಲ್ಸ್ ಮೆತ್ತಿ ಮುಚ್ಚಿದ್ದಾನೆ. ಪಂಪ್ ನೋಡಬೇಕು ಅಂದರೆ ಹೊಸ ಟೈಲ್ಸ್ ಒಡೆಯಬೇಕು, ಒಡೆದೆವು. ಟಬ್ಬಿನಲ್ಲಿ ಕೂತೇ ಕೈಗೆ ಸಿಗುವ ಹಾಗೆ ಒಂದು ಮಾಮೂಲಿ ಸ್ವಿಚ್ ಬೇರೆ ಇಟ್ಟಿದ್ದ. ವೈರಿಂಗಿಗೆ ಅಂತರರಾಷ್ಟ್ರೀಯ ಮಟ್ಟದಲ್ಲಿರುವ ಐಇಸಿ 60364 ನಿಯಮದಲ್ಲಿ ಟಬ್ಬಿನ ಅಂಚಿನಿಂದ 60 ಸೆಂಟಿಮೀಟರ್ ಒಳಗೆ ಇಂಥ ಸ್ವಿಚ್, ಸಾಕೆಟ್ ಯಾವುದೂ ಇರಬಾರದು.

ಮಾಡಿಸುವವರು ದಯವಿಟ್ಟು ಕರೆಂಟ್ ಕೆಲಸವನ್ನು ಟೈಲ್ಸ್ ಹಾಕುವವನ ಜೊತೆ ಒಟ್ಟಿಗೆ ಕಟ್ಟಿ ಕೊಡಬೇಡಿ. ಟಬ್ ಕೊಳ್ಳುವ ಮುಂಚೆಯೇ ಅದರ ವ್ಯಾಟ್ ಎಷ್ಟು ಕೇಳಿ, ಡಿಬಿಯಲ್ಲಿ ಜಾಗ ಇದೆಯಾ ನೋಡಿಸಿ. ಗೋಡೆ ಮುಚ್ಚುವ ಮುಂಚೆ ಪೈಪು, ತಂತಿ ಎಲ್ಲದರ ಫೋಟೋ ತೆಗೆದಿಡಿ. ಎಸ್ಟಿಮೇಟ್‌ನಲ್ಲಿ ಬರೀ ಆರ್‌ಸಿಸಿಬಿ ಅಂತ ಇದ್ದರೆ ಒಪ್ಪಬೇಡಿ, 30 ಮಿಲಿಆಂಪ್ಸ್ ಅಂತ ಬರೆಸಿ. ಹಾಕಿದ ಮೇಲೆ ಕನ್ನಡಕ ಹಾಕಿಕೊಂಡು ಆ ಸಣ್ಣ ಅಕ್ಷರ ನೀವೇ ಓದಿ. ಯಾರಾದರೂ ಬಟನ್ ಒತ್ತಿ ಪರ್ಫೆಕ್ಟ್ ಅಂದರೆ ನಗಬೇಡಿ, ಎಷ್ಟು ಮಿಲಿಆಂಪ್ಸ್‌ಗೆ ಬೀಳುತ್ತೆ ಅಂತ ಟೆಸ್ಟ್ ಮಾಡುವ ಮೀಟರ್ ಇಟ್ಟು ತೋರಿಸು ಅನ್ನಿ. ಎಂಸಿಬಿ ಬದಲಾಯಿಸಿದರೆ ಹಳೇದರ ನಂಬರ್ ಏನು, ಹೊಸದರ ನಂಬರ್ ಏನು ಕೇಳಿ. "ಏನೂ ಆಗಲ್ಲ" ಅನ್ನುವವನನ್ನು ಅಲ್ಲೇ ವಾಪಸ್ ಕಳಿಸಿ.

ಮೊನ್ನೆ ಮೆಸೇಜ್ ಬಂದಿದೆ: "ಮೇಡಂ, ಬ್ಯಾಲೆನ್ಸ್ ಯಾವಾಗ ಕೊಡ್ತೀರಿ?" ಕೊಡಲ್ಲ. ಅದೇ ದುಡ್ಡಿನಲ್ಲಿ ಡಿಬಿಯಿಂದ ಹೊಸ ಲೈನ್ ಎಳೆಸುತ್ತಿದ್ದೇನೆ.