ಜೈಲಿನ ಆಸ್ಪತ್ರೆ: ಹಗಲಿನ ಸೇವೆ ಪರವಾಗಿಲ್ಲ, ರಾತ್ರಿಯದ್ದು ಸಾಲದು

ಕರ್ನಾಟಕದ ಜೈಲುಗಳ ವೈದ್ಯಸೇವೆಗೆ ಒಟ್ಟಾರೆ ಒಂದೇ ಅಂಕ ಕೊಡಲು ಬರುವುದಿಲ್ಲ. ಕ್ಷಯ ಮತ್ತು ಎಚ್‌ಐವಿಗೆ ಸೇವೆ ಚೆನ್ನಾಗಿದೆ. ಜ್ವರ, ಕಜ್ಜಿ, ಗಾಯ, ಹೊಟ್ಟೆನೋವಿಗೆ ಬೆಳಗಿನ ಹೊತ್ತು ಹೋದರೆ ಕೆಲಸ ಆಗುತ್ತದೆ. ಸಕ್ಕರೆ ಕಾಯಿಲೆ, ಫಿಟ್ಸ್, ಹೃದ್ರೋಗ, ಮನೋರೋಗ ಇದ್ದು ದಿನಾ ತಪ್ಪದೆ ಮಾತ್ರೆ ತೆಗೆದುಕೊಳ್ಳಲೇಬೇಕಾದವರಿಗೆ ಮಾತ್ರ ಈ ಸೇವೆಯನ್ನು ನಂಬಿ ಸುಮ್ಮನಿರಿ ಎಂದು ಹೇಳಲಾಗದು. ಒಳಗೆ ಔಷಧವೇ ಇಲ್ಲ ಎನ್ನುವುದು ಸಮಸ್ಯೆಯ ಸಣ್ಣ ಪಾಲು. ಇದ್ದ ಔಷಧ ಆ ಮನುಷ್ಯನ ಕೈಗೆ ಹೊತ್ತಿಗೆ ಸರಿಯಾಗಿ ಮುಟ್ಟದಿರುವುದೇ ದೊಡ್ಡ ದೋಷ, ಅದಕ್ಕೆ ಕಾರಣ ಹೆಚ್ಚಿನ ಸಲ ಎಲ್ಲೋ ನಿಂತುಹೋದ ಒಂದು ಚೀಟಿ.

ಮೊದಲು, ಸರ್ಕಾರ ಒಪ್ಪಿಕೊಂಡಿರುವುದೇನು ನೋಡೋಣ. ಜೈಲಿನಲ್ಲಿ ಆಸ್ಪತ್ರೆ ಅಥವಾ ರೋಗಿಗಳಿಗೆ ತಕ್ಕ ಜಾಗ ಇರಲೇಬೇಕು ಎಂಬುದು 1894ರ ಕಾರಾಗೃಹ ಕಾಯ್ದೆಯಷ್ಟು ಹಳೆಯ ನಿಯಮ. ಕೇಂದ್ರ ಗೃಹ ಸಚಿವಾಲಯದ 2016ರ ಮಾದರಿ ಕಾರಾಗೃಹ ಕೈಪಿಡಿ 300 ಬಂದಿಗಳಿಗೆ ಒಬ್ಬ ವೈದ್ಯರು, ಅಧಿಕೃತ ಸಾಮರ್ಥ್ಯದ ಶೇ 5ರಷ್ಟು ಹಾಸಿಗೆ ಎನ್ನುತ್ತದೆ. 'ಅಧಿಕೃತ ಸಾಮರ್ಥ್ಯ' ಎಂಬ ಮಾತನ್ನು ಗಮನಿಸಬೇಕು. 1,000 ಜನರ ಜೈಲಿನಲ್ಲಿ 1,500 ಜನ ಇದ್ದರೂ ಲೆಕ್ಕದ ಹಾಸಿಗೆ 50ನ್ನು ದಾಟುವುದಿಲ್ಲ. ತಾಲೂಕಿನ ಉಪಕಾರಾಗೃಹಗಳದ್ದು ಇನ್ನೊಂದು ಕಥೆ: ಸರ್ಕಾರಿ ಆಸ್ಪತ್ರೆಯ ವೈದ್ಯರು ಬಂದು ನೋಡಿ ಹೋಗುವುದೇ ಅಲ್ಲಿನ ವ್ಯವಸ್ಥೆ. ಈ ವಿಷಯಕ್ಕೂ ನಮ್ಮ ರಾಜ್ಯಕ್ಕೂ ಹಳೆಯ ನಂಟಿದೆ. ಬೆಂಗಳೂರು ಕೇಂದ್ರ ಕಾರಾಗೃಹದ ಬಂದಿಯೊಬ್ಬರು ಸುಪ್ರೀಂ ಕೋರ್ಟಿಗೆ ಬರೆದ ಪತ್ರವೇ 1996ರ ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪಿಗೆ ಕಾರಣವಾಯಿತು. ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಕೋರ್ಟು ಅಲ್ಲಿ ಹೆಸರಿಟ್ಟು ಪಟ್ಟಿ ಮಾಡಿತು. ಆರೋಗ್ಯ ಮತ್ತು ನೈರ್ಮಲ್ಯದ ಕಡೆಗಣನೆ ಅದರಲ್ಲೊಂದು.

ಅತ್ಯಂತ ಅಪಾಯದ ಹೊತ್ತು ಮೊದಲ ಮೂರು ದಿನ. ಬಂಧನವಾದ ಮೇಲೆ ಸರ್ಕಾರಿ ವೈದ್ಯರ ತಪಾಸಣೆ ಆಗಬೇಕು, ವರದಿಯ ಪ್ರತಿಯನ್ನು ಬಂಧಿತರಿಗೆ ಅಥವಾ ಅವರು ಸೂಚಿಸಿದವರಿಗೆ ಕೊಡಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್, ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಕಾನೂನು) 53ನೇ ಕಲಮು ಇದನ್ನೇ ಹೇಳುತ್ತದೆ. ನಿಜದಲ್ಲಿ ಆ ತಪಾಸಣೆ ಗಾಯ ಇದೆಯೇ ಇಲ್ಲವೇ ಎಂದು ನೋಡುವುದಕ್ಕೇ ಮುಗಿದುಹೋಗುತ್ತದೆ. 'ಯಾವ ಮಾತ್ರೆ ತಗೊಳ್ತೀರಿ' ಎಂದು ಕೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಕೇಳುವವರೆಗೆ ಕಾಯಬೇಡಿ, ನೀವೇ ಹೇಳಿ, ಬರೆಸಿ. ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದ ದಿನವೇ ವಕೀಲರ ಮೂಲಕ ಒಂದು ಮೆಮೊ ಹಾಕಿಸಿ, ಔಷಧಿ ಚೀಟಿಯ ನಕಲನ್ನು ಅದಕ್ಕೆ ಲಗತ್ತಿಸಿ. ಆದೇಶದಲ್ಲಿ 'ನಿಯಮದಂತೆ ಚಿಕಿತ್ಸೆ ಕೊಡುವುದು' ಎಂದಷ್ಟೇ ಬಂದರೆ ಆ ಸಾಲಿಗೆ ಬಲವಿಲ್ಲ. ಔಷಧದ ಜನರಿಕ್ ಹೆಸರು (ಕಂಪನಿಯ ಬ್ರಾಂಡ್ ಅಲ್ಲ, ಮೂಲ ಮದ್ದಿನ ಹೆಸರು), ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಕೊನೆಯ ಸಲ ತೆಗೆದುಕೊಂಡದ್ದು ಯಾವಾಗ, ಈ ನಾಲ್ಕೂ ಆದೇಶದಲ್ಲೋ ವಾರಂಟಿನ ಜೊತೆಗಿನ ಹಾಳೆಯಲ್ಲೋ ಇದ್ದರೆ ಜೈಲಿನ ವೈದ್ಯಾಧಿಕಾರಿಗೆ ಅದು ಕೈಗೆ ಸಿಕ್ಕ ಆಧಾರ. ಒಳಗೆ ಹೋದ ಮೇಲೆ ದಾಖಲಾತಿ ತಪಾಸಣೆ ನಡೆಯುತ್ತದೆ. ಅಲ್ಲಿ ಹೇಳಿದ್ದು ಹಿಸ್ಟರಿ ಟಿಕೆಟ್ (ಬಂದಿಯ ವಿವರ ಬರೆದಿಡುವ ಜೈಲಿನ ಹಾಳೆ) ಮೇಲೆ ಬಂತೇ ಎಂದು ನೋಡಿಕೊಳ್ಳಬೇಕು. ಟಿಕೆಟ್ ಮೇಲೆ ಇಲ್ಲದ ಕಾಯಿಲೆ ಮಾರನೆಯ ದಿನದ ಡ್ಯೂಟಿಯವರ ಮಟ್ಟಿಗೆ ಇಲ್ಲದ ಕಾಯಿಲೆಯೇ.

ಎಲ್ಲ ಮಾತ್ರೆಯೂ ಒಂದೇ ತೂಕದ್ದಲ್ಲ. ಥೈರಾಯ್ಡ್ ಮಾತ್ರೆ ಎರಡು ದಿನ ತಪ್ಪಿದರೆ ಸಾಮಾನ್ಯವಾಗಿ ದೊಡ್ಡ ಅಪಾಯವಿಲ್ಲ, ಅದು ರಕ್ತದಲ್ಲಿ ಬಹಳ ದಿನ ಉಳಿಯುತ್ತದೆ. ಫಿಟ್ಸ್ ಮಾತ್ರೆ ಹಾಗಲ್ಲ. ತಟ್ಟನೆ ನಿಂತರೆ ಒಂದರ ಹಿಂದೊಂದು ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಹೃದಯಕ್ಕೆ ಹೊಸದಾಗಿ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೋಗ್ರೆಲ್ ಮತ್ತು ಆಸ್ಪಿರಿನ್ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಬಹಳ ದಿನದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಿಗೂ ಹಠಾತ್ ನಿಲುಗಡೆ ಅಪಾಯ. ತೀವ್ರ ಮನೋರೋಗಕ್ಕೆ ಕೊಡುವ ಕ್ಲೊಜಪಿನ್ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: 48 ಗಂಟೆಗಿಂತ ಹೆಚ್ಚು ತಪ್ಪಿದ್ದರೆ ಹಳೆಯ ಡೋಸನ್ನೇ ಮತ್ತೆ ಕೊಡಬಾರದು, 12.5 ಮಿಲಿಗ್ರಾಂನಿಂದ ಶುರುಮಾಡಿ ಏರಿಸಬೇಕು. 'ಕೊನೆಯ ಸಲ ಯಾವಾಗ' ಎಂದು ಬರೆಸಿ ಎನ್ನುವುದು ಇದಕ್ಕೇ.

ದಿನಾ ಕುಡಿಯುತ್ತಿದ್ದವರ ವಿಷಯವನ್ನು ಮನೆಯವರು ನಾಚಿಕೆಗೆ ಮುಚ್ಚಿಡುತ್ತಾರೆ. ದಯವಿಟ್ಟು ಮುಚ್ಚಿಡಬೇಡಿ. ಕುಡಿತ ನಿಂತ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು ಶುರುವಾಗುತ್ತದೆ. 12ರಿಂದ 48 ಗಂಟೆಯ ನಡುವೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದಲ್ಲಿ ಭ್ರಮೆ, ಕೂಗಾಟ, ಜ್ವರ. ಬ್ಯಾರಕ್‌ನಲ್ಲಿ ಅದು ಗಲಾಟೆಯಂತೆ ಕಾಣುತ್ತದೆ, ಮದ್ದಿನ ಬದಲು ಶಿಸ್ತಿನ ಕ್ರಮ ಆಗುತ್ತದೆ. ವೈದ್ಯರಿಗೆ ಮೊದಲೇ ಗೊತ್ತಿದ್ದರೆ ಡಯಾಜೆಪಾಮ್ ಅಥವಾ ಲೊರಾಜೆಪಾಮ್ ಎಂಬ ಶಮನಕಾರಿ ಮದ್ದು, ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್‌ನಿಂದ ತಡೆಯಬಹುದಾದದ್ದು ಇದು.

ಮನೆಯಿಂದ ಔಷಧ ಕೊಡುವ ವಿಚಾರ. ಗೇಟಿನಲ್ಲಿ ನೇರವಾಗಿ ಕೊಟ್ಟರೆ ವಾಪಸ್ ಬರುತ್ತದೆ, ಇದರಲ್ಲಿ ಗೇಟಿನವರ ತಪ್ಪಿಲ್ಲ. ಮಾತ್ರೆಯ ಹೆಸರಲ್ಲಿ ಮತ್ತಿನ ಪದಾರ್ಥ ಒಳಹೋಗುವ ಭಯ ಅವರದು. ವೈದ್ಯಾಧಿಕಾರಿ ಒಪ್ಪಿದ್ದು, ಇಲ್ಲವೇ ಕೋರ್ಟು ಹೇಳಿದ್ದು ಮಾತ್ರ ಒಳಗೆ ಹೋಗುತ್ತದೆ. ಒಪ್ಪಿಸುವುದಕ್ಕೆ ಮೂರು ಬೇಕು: ವೈದ್ಯರ ನೋಂದಣಿ ಸಂಖ್ಯೆ ಇರುವ ಇತ್ತೀಚಿನ ಚೀಟಿ, ಅಂಗಡಿಯ ಬಿಲ್ಲು, ಮತ್ತು ಕತ್ತರಿಸದ ಪೂರಾ ಸ್ಟ್ರಿಪ್. ಮೆಡಿಕಲ್ ಶಾಪಿನವರು ಹತ್ತರ ಸ್ಟ್ರಿಪ್‌ನಲ್ಲಿ ನಾಲ್ಕು ಕತ್ತರಿಸಿ ಕೊಟ್ಟರೆ ಬ್ಯಾಚ್ ಸಂಖ್ಯೆಯೂ ಅವಧಿ ಮುಗಿಯುವ ದಿನಾಂಕವೂ ಅಂಗಡಿಯಲ್ಲೇ ಉಳಿದ ತುಂಡಿನ ಮೇಲೆ ಇರುತ್ತವೆ. ಕೈಯಲ್ಲಿರುವುದು ಹೆಸರಿಲ್ಲದ ಬೆಳ್ಳಿ ಹಾಳೆ. ಯಾವ ವೈದ್ಯರೂ ಅದಕ್ಕೆ ಸಹಿ ಹಾಕುವುದಿಲ್ಲ. ಬ್ರಾಂಡಿಗಾಗಿ ಹಠ ಬೇಡ, ಅದೇ ಜನರಿಕ್ ಒಳಗಿದ್ದರೆ ಸಾಕು. ಫಿಟ್ಸ್ ಮಾತ್ರೆಗಳ ವಿಷಯದಲ್ಲಿ ಮಾತ್ರ ಕಂಪನಿ ಪದೇ ಪದೇ ಬದಲಾಗದಂತೆ ಕೇಳಿಕೊಳ್ಳುವುದು ಒಳ್ಳೆಯದು. ಆಸ್ತಮಾದ ಇನ್‌ಹೇಲರ್ ಲೋಹದ ಡಬ್ಬಿ ಎಂದು ಆಸ್ಪತ್ರೆಯ ಬೀರುವಿನಲ್ಲಿ ಇಟ್ಟುಕೊಂಡರೆ ಉಪಯೋಗವಿಲ್ಲ. ಉಬ್ಬಸ ಬರುವುದು ನಡುರಾತ್ರಿ. 'ರೋಗಿಯ ಬಳಿಯೇ ಇರಬೇಕು' ಎಂದು ವೈದ್ಯಾಧಿಕಾರಿಯಿಂದ ಟಿಕೆಟ್ ಮೇಲೆ ಬರೆಸಿಕೊಳ್ಳಿ.

ಇನ್ಸುಲಿನ್ ವಿಷಯದಲ್ಲಿ ಈ ಸೇವೆಯ ಹುಳುಕು ಪೂರ್ತಿ ಕಾಣಿಸುತ್ತದೆ. ಬಾಟಲಿ ಇರುವುದು ಆಸ್ಪತ್ರೆಯ ಫ್ರಿಜ್‌ನಲ್ಲಿ, ಸೂಜಿ ಇರುವುದು ನರ್ಸ್ ಕೈಯಲ್ಲಿ, ರೋಗಿ ಇರುವುದು ಬ್ಯಾರಕ್‌ನಲ್ಲಿ. ಸಂಜೆ ಆರರ ಆಸುಪಾಸಿಗೆ ಬೀಗ ಬೀಳುತ್ತದೆ, ಅದಕ್ಕೆ ಮುಂಚೆಯೇ ರಾತ್ರಿಯ ಊಟ ಹಂಚಿ ಮುಗಿದಿರುತ್ತದೆ. ಆದ್ದರಿಂದ ರಾತ್ರಿಯ ಡೋಸ್ ಐದು ಗಂಟೆಗೇ ಚುಚ್ಚುತ್ತಾರೆ. ರೋಗಿ ಮುದ್ದೆ, ಸಾರನ್ನು ತಟ್ಟೆ ಮುಚ್ಚಿಟ್ಟು ಹೊರಗಿನ ಅಭ್ಯಾಸದಂತೆ ಎಂಟಕ್ಕೆ ಉಂಡರೆ ನಡುವೆ ಮೂರು ಗಂಟೆ ಇನ್ಸುಲಿನ್ ಖಾಲಿ ಹೊಟ್ಟೆಯಲ್ಲಿ ಕೆಲಸ ಮಾಡುತ್ತದೆ. 30/70 ಮಿಶ್ರಣದ (ಬೇಗ ಕೆಲಸ ಮಾಡುವುದು 30, ನಿಧಾನದ್ದು 70 ಪಾಲು ಇರುವ) ಇನ್ಸುಲಿನ್ ಚುಚ್ಚಿಸಿಕೊಂಡ ಅರ್ಧ ಗಂಟೆಯೊಳಗೆ ಉಣ್ಣಲೇಬೇಕು. ಇನ್ನು ಐದಕ್ಕೇ ಉಂಡವರಿಗೆ ಬೆಳಗಿನ ತಿಂಡಿಯವರೆಗೆ ಹದಿಮೂರು ಹದಿನಾಲ್ಕು ಗಂಟೆಯ ಉಪವಾಸ, ನಸುಕಿನಲ್ಲಿ ಸಕ್ಕರೆ ಇಳಿಯುವ ಭಯ. ಬೆವರಿ, ನಡುಗಿ, ತೊದಲುವವರನ್ನು ಪಕ್ಕದವರು ಅಮಲೆಂದೋ ದೆವ್ವವೆಂದೋ ತಿಳಿಯುತ್ತಾರೆ. ರಾತ್ರಿ ಬೀಗ ತೆಗೆಯಲು ವಾರ್ಡರ್ ಒಬ್ಬರಿಂದಾಗದು, ಮೇಲಿನ ಅಧಿಕಾರಿ ಬರಬೇಕು. ಅಷ್ಟರವರೆಗೆ ಜೀವ ಉಳಿಸುವುದು ಮೂರು ಟೀ ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ. ಎಚ್ಚರ ಇರುವವರಿಗೆ ಮಾತ್ರ ಕೊಡಬೇಕು, ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು. ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ಕ್ಯಾಂಟೀನಿನಿಂದ ಕೊಂಡು ಜೊತೆಗಿಟ್ಟುಕೊಳ್ಳಲು, ರಾತ್ರಿಗೆ ಎರಡು ಚಪಾತಿ ಅಥವಾ ಬಿಸ್ಕತ್ತು ಇಟ್ಟುಕೊಳ್ಳಲು ವೈದ್ಯಾಧಿಕಾರಿಯಿಂದ ಚೀಟಿ ಪಡೆಯಿರಿ. ಜೈಲಿನ ಊಟದ ವೇಳೆ ತಿಳಿಸಿ ಡೋಸ್ ಬದಲಿಸಿ ಎಂದು ಹೊರಗಿನ ವೈದ್ಯರನ್ನು ಕೇಳುವುದಂತೂ ಮರೆಯಬೇಡಿ. ಬ್ಯಾರಕ್‌ಗೆ ಬೀಗ ಹಾಕುವ ವೇಳೆ ಗೊತ್ತಿಲ್ಲದೆ ಬರೆದ ಚೀಟಿ ಎಷ್ಟು ಒಳ್ಳೆಯದಾದರೂ ಒಳಗೆ ನಡೆಯದು.

ಕ್ಷಯದ ಸೇವೆ ಚೆನ್ನಾಗಿರುವುದಕ್ಕೆ ಕಾರಣವಿದೆ. ಅಲ್ಲಿ ಔಷಧ ರಾಷ್ಟ್ರೀಯ ಕಾರ್ಯಕ್ರಮದ್ದು, ರೋಗಿಗೆ ನಿಕ್ಷಯ್ (ಕ್ಷಯ ರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆ) ಸಂಖ್ಯೆ ಇರುತ್ತದೆ, ಮಾತ್ರೆ ಕಣ್ಣೆದುರೇ ನುಂಗಿಸುವ ಪದ್ಧತಿ ಇದೆ. ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ನಾಲ್ಕು ತಿಂಗಳು ಮೂರು. ಎಚ್‌ಐವಿಗೂ ಹಾಗೆಯೇ: 2017ರ ಎಚ್‌ಐವಿ ಕಾಯ್ದೆ ಸರ್ಕಾರದ ವಶದಲ್ಲಿರುವವರಿಗೆ ಪರೀಕ್ಷೆ, ಸಮಾಲೋಚನೆ, ಚಿಕಿತ್ಸೆಯ ಹಕ್ಕನ್ನು ಕೊಟ್ಟಿದೆ, ಎಆರ್‌ಟಿ ಕೇಂದ್ರದ (ಎಚ್‌ಐವಿ ಔಷಧ ಕೊಡುವ ಸರ್ಕಾರಿ ಕೇಂದ್ರ) ಕಾರ್ಡ್ ಹೋದಲ್ಲೆಲ್ಲ ನಡೆಯುತ್ತದೆ. ಒಂದು ಜೈಲಿನಿಂದ ಇನ್ನೊಂದಕ್ಕೆ ವರ್ಗವಾದಾಗ ಮಾತ್ರ ಎಚ್ಚರ ಬೇಕು. ಬಂದಿಯ ಜೊತೆಗೇ ಉಳಿದ ಮಾತ್ರೆ, ಕಾರ್ಡು ಹೋಯಿತೇ ಎಂದು ಅದೇ ದಿನ ಕೇಳಬೇಕು. ಕಾಗದ ರೋಗಿಯ ಜೊತೆ ಸಾಗಿದರೆ ಈ ವ್ಯವಸ್ಥೆ ಎಷ್ಟು ಚೆನ್ನಾಗಿ ನಡೆಯಬಲ್ಲದು ಎಂಬುದಕ್ಕೆ ಈ ಎರಡು ಕಾಯಿಲೆಗಳೇ ಸಾಕ್ಷಿ. ಸಕ್ಕರೆ ಕಾಯಿಲೆಗೆ, ಫಿಟ್ಸ್‌ಗೆ ಯಾಕೆ ಅಂಥದ್ದೇ ಒಂದು ಕಾರ್ಡ್ ಇಲ್ಲ?

ಮನೋರೋಗದಲ್ಲಿ ಕಾನೂನು ಮುಂದಿದೆ, ಕೆಲಸ ಹಿಂದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 103ನೇ ಕಲಮಿನಂತೆ ಪ್ರತಿ ರಾಜ್ಯದ ಒಂದು ಜೈಲಿನಲ್ಲಾದರೂ ಮಾನಸಿಕ ಆರೋಗ್ಯ ಘಟಕ ಇರಬೇಕು. ಬೆಂಗಳೂರಿನ ಜೈಲಿನ ಬಂದಿಗಳ ಮಾನಸಿಕ ಆರೋಗ್ಯ, ವ್ಯಸನಗಳ ಮೇಲೆ ನಿಮ್ಹಾನ್ಸ್ ಮಾಡಿದ ಅಧ್ಯಯನ 2011ರಲ್ಲೇ ಪ್ರಕಟವಾಗಿದೆ. ನಿದ್ದೆ ಮಾತ್ರೆ ಬೇಗ ಸಿಗುತ್ತದೆ, ಕೂತು ಮಾತಾಡಿಸುವವರು ಸಿಗುವುದು ಕಷ್ಟ.

ಹೊರಗಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟ ಮೇಲೂ ಅರ್ಧ ಕೆಲಸ ಬಾಕಿ. ಬಂದಿಯನ್ನು ಕರೆದೊಯ್ಯುವುದು ಪೊಲೀಸ್ ಎಸ್ಕಾರ್ಟ್. ಜೈಲಿನವರು ಪತ್ರ ಬರೆಯಬೇಕು, ಸಶಸ್ತ್ರ ಮೀಸಲು ಪಡೆಯಿಂದ ಸಿಬ್ಬಂದಿ ಬರಬೇಕು. ಬಂದೋಬಸ್ತ್, ಚುನಾವಣೆ, ಹಬ್ಬ ಇದ್ದ ವಾರ ಸಿಬ್ಬಂದಿ ಬರುವುದಿಲ್ಲ, ಸ್ಕ್ಯಾನಿನ ದಿನಾಂಕ ತಪ್ಪುತ್ತದೆ, ಮುಂದಿನದು ತಿಂಗಳುಗಳ ಆಚೆ. ಡಯಾಲಿಸಿಸ್, ಕಿಮೊ ಇದ್ದವರಿಗೆ ಇದು ಜೀವದ ಪ್ರಶ್ನೆ. ಹಾಗಿದ್ದಲ್ಲಿ ಬರಲಿರುವ ಎಲ್ಲ ದಿನಾಂಕಗಳನ್ನೂ ಒಟ್ಟಿಗೆ ಕೋರ್ಟಿಗೆ ಕೊಟ್ಟು, ಪೊಲೀಸ್ ಆಯುಕ್ತರಿಗೋ ಎಸ್‌ಪಿಗೋ ನೇರ ನಿರ್ದೇಶನ ಕೇಳಿ. ತಪ್ಪಿದ ಪ್ರತಿ ದಿನಾಂಕವನ್ನೂ ಬರೆದಿಡಿ, ಜಾಮೀನಿನ ಹೊತ್ತಿಗೆ ಅದೇ ಪುರಾವೆ. ಕಾಯಿಲೆಯವರಿಗೆ, ಅಶಕ್ತರಿಗೆ, ಹೆಂಗಸರಿಗೆ ಜಾಮೀನು ಪರಿಗಣಿಸಬಹುದೆಂದು ಬಿಎನ್‌ಎಸ್‌ಎಸ್‌ನ 480ನೇ ಕಲಮು ಹೇಳುತ್ತದೆ. ಆದರೆ ಕೋರ್ಟು ವರದಿ ಕೇಳಿದಾಗ ಜೈಲಿನಿಂದ ಬರುವುದು ಎಷ್ಟೋ ಸಲ 'ಆರೋಗ್ಯ ಸ್ಥಿರವಾಗಿದೆ' ಎಂಬ ಒಂದೇ ಸಾಲು. ಇತ್ತೀಚಿನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ಎಷ್ಟು, ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ಎಷ್ಟು, ಎಷ್ಟು ಭೇಟಿ ತಪ್ಪಿದೆ ಎಂದು ಬಿಡಿಸಿ ಕೇಳಿದ ಆದೇಶಕ್ಕೆ ಬಿಡಿಸಿದ ಉತ್ತರ ಬರುತ್ತದೆ.

ಗರ್ಭಿಣಿಯರ ವಿಷಯದಲ್ಲಿ 2006ರ ಆರ್.ಡಿ. ಉಪಾಧ್ಯಾಯ ತೀರ್ಪು ಕೈಯಲ್ಲಿರಲಿ: ಆದಷ್ಟೂ ಹೆರಿಗೆ ಹೊರಗಿನ ಆಸ್ಪತ್ರೆಯಲ್ಲೇ ಆಗಬೇಕು, ಜನನ ಪತ್ರದಲ್ಲಿ ಜೈಲು ಎಂದು ಬರೆಯಬಾರದು.

ವಕೀಲರಿಗೆ ಕೊಡಲು ದುಡ್ಡಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಸಹಾಯವಾಣಿ 15100. ಜೈಲುಗಳೊಳಗೇ ಅವರ ಕಾನೂನು ನೆರವಿನ ಕ್ಲಿನಿಕ್ ಇರುತ್ತದೆ, ಬಂದಿ ತಾವೇ ಅಲ್ಲಿ ಅರ್ಜಿ ಕೊಡಬಹುದು. ಔಷಧ ಕೊಟ್ಟ ದಾಖಲೆ ಬೇಕಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಸಾಮಾನ್ಯ ಅರ್ಜಿಗೆ 30 ದಿನ, ಜೀವಕ್ಕೋ ಸ್ವಾತಂತ್ರ್ಯಕ್ಕೋ ಸಂಬಂಧಿಸಿದ್ದಕ್ಕೆ 48 ಗಂಟೆ. ಅರ್ಜಿಯ ಮೊದಲ ಸಾಲಿನಲ್ಲೇ ಇದು ಜೀವದ ವಿಷಯ ಎಂದು ಕಾಯಿಲೆಯ ಹೆಸರಿನೊಂದಿಗೆ ಬರೆಯಬೇಕು.

ಬಿಡುಗಡೆ ಸಾಮಾನ್ಯವಾಗಿ ಸಂಜೆ ಆಗುತ್ತದೆ. ಜಾಮೀನಿನ ಆದೇಶ ತಲುಪಿ, ರಿಜಿಸ್ಟರ್ ಮುಗಿಯುವಷ್ಟರಲ್ಲಿ ಆಸ್ಪತ್ರೆಯ ಬಾಗಿಲು ಹಾಕಿರುತ್ತದೆ; ವರದಿಗಳು, ಮಾತ್ರೆ, ಫ್ರಿಜ್‌ನಲ್ಲಿದ್ದ ಇನ್ಸುಲಿನ್ ಎಲ್ಲ ಒಳಗೇ ಉಳಿಯುತ್ತದೆ. ಜಾಮೀನು ಸಿಗುವ ಸೂಚನೆ ಇದ್ದ ದಿನ ಬೆಳಿಗ್ಗೆಯೇ ಚಿಕಿತ್ಸೆಯ ಸಾರಾಂಶದ ನಕಲು ಕೇಳಿಡಲು ಬಂದಿಗೆ ಹೇಳಿ, ಕರೆದುಕೊಂಡು ಹೋಗಲು ಬರುವವರು ಆ ರಾತ್ರಿಯ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡೇ ಬನ್ನಿ.