ಲಾಂಗ್‌ಆರ್ಮ್ ಕ್ವಿಲ್ಟಿಂಗ್ ಯಂತ್ರದೊಂದಿಗೆ ಮೊದಲ ಮೂರು ತಿಂಗಳು

ದೊಡ್ಡ ಕೌದಿಯೊಂದನ್ನು ಸುರುಳಿ ಸುತ್ತಿ, ಮಾಮೂಲಿ ಹೊಲಿಗೆ ಯಂತ್ರದ ಕಿರಿದಾದ ಸಂದಿಯಲ್ಲಿ ತುರುಕಿ, ಹೆಗಲು ನೋಯುವವರೆಗೂ ಎಳೆದಾಡಿ ಹೊಲಿದವರಿಗೆ ಲಾಂಗ್‌ಆರ್ಮ್ ಯಂತ್ರದ ಆಸೆ ಹುಟ್ಟುವುದು ಸಹಜ. ಅಲ್ಲಿ ಸೂಜಿಯ ಕೆಳಗೆ ಬಟ್ಟೆಯನ್ನು ಸರಿಸುತ್ತೇವೆ. ಇಲ್ಲಿ ಬಟ್ಟೆ ಚೌಕಟ್ಟಿನ ಮೇಲೆ ಅಲುಗದೆ ಹರಡಿಕೊಂಡಿರುತ್ತದೆ, ಹಳಿಗಳ ಮೇಲೆ ಉರುಳುವ ಯಂತ್ರವನ್ನೇ ಹಿಡಿಕೆ ಹಿಡಿದು ಬೇಕಾದ ಕಡೆಗೆ ನಡೆಸುತ್ತೇವೆ. ನಾನು ಮೂರು ತಿಂಗಳಿನಿಂದ ಬಳಸುತ್ತಿರುವುದು 20 ಇಂಚಿನ ತೋಳು (ಸೂಜಿಯಿಂದ ಯಂತ್ರದ ಹಿಂಬದಿಯವರೆಗಿನ ಒಳಜಾಗ), 10 ಅಡಿಯ ಚೌಕಟ್ಟು ಮತ್ತು ಹೊಲಿಗೆಗಳ ಉದ್ದವನ್ನು ಒಂದೇ ಸಮನಾಗಿಡುವ ಸ್ಟಿಚ್ ರೆಗ್ಯುಲೇಟರ್ ಇರುವ, ಕಂಪ್ಯೂಟರ್ ಇಲ್ಲದೆ ಕೈಯಿಂದ ನಡೆಸುವ ಯಂತ್ರ. ಯಂತ್ರ ನನಗೆ ತುಂಬ ಮೆಚ್ಚುಗೆಯಾಗಿದೆ. ಆದರೆ ಹೊಸಬರಿಗೆ ಎಲ್ಲಕ್ಕಿಂತ ಮೊದಲು ಬೇಕಾದ ಟೆನ್ಷನ್, ಅಂದರೆ ದಾರದ ಬಿಗಿತದ ವಿಷಯವನ್ನು ಅದರ ಕೈಪಿಡಿ ಅರ್ಧ ಪುಟದಲ್ಲಿ ಮುಗಿಸಿಬಿಟ್ಟಿದೆ.

ಜೋಡಣೆಗೆ ಇಬ್ಬರು ಸೇರಿ ಒಂದು ಇಡೀ ದಿನ ದುಡಿಯಬೇಕಾಯಿತು. ಚೌಕಟ್ಟು ಮಟ್ಟವಾಗಿದೆಯೇ ಎಂದು ಮಟ್ಟಗೋಲಿನಿಂದ ಉದ್ದಕ್ಕೂ ಅಡ್ಡಕ್ಕೂ ನೋಡಿ, ಕಾಲುಗಳ ತಿರುಪು ಸರಿಪಡಿಸಿದ ಮೇಲೂ ಒಂದು ಪರೀಕ್ಷೆ ಬಾಕಿಯಿತ್ತು: ಕೈಬಿಟ್ಟರೆ ಯಂತ್ರ ತಾನಾಗಿ ಯಾವ ಕಡೆಗೂ ಉರುಳಬಾರದು. ನಮ್ಮದು ಮೆಲ್ಲಗೆ ಎಡಕ್ಕೆ ಜಾರುತ್ತಿತ್ತು. ಒಂದು ಕಾಲನ್ನು ಕೂದಲೆಳೆಯಷ್ಟು ಎತ್ತಿದ ಮೇಲಷ್ಟೇ ಅದು ನಿಂತಲ್ಲೇ ನಿಂತಿತು. ಈ ಕೆಲಸವನ್ನು ಬಿಟ್ಟು ಮುಂದೆ ಹೋದವರ ನೇರ ಗೆರೆಗಳು ಎಂದಿಗೂ ನೇರವಾಗಲಾರವು.

ಬಟ್ಟೆ ಏರಿಸುವುದು ತಾಳ್ಮೆಯ ಕೆಲಸವಾದರೂ ಕಷ್ಟದ್ದಲ್ಲ. ಅಡಿಬಟ್ಟೆ ಮೇಲ್ಪದರಕ್ಕಿಂತ ಪ್ರತಿ ಬದಿಯಲ್ಲೂ ಸುಮಾರು 4 ಇಂಚು ಹೆಚ್ಚಿರಬೇಕು. ಅದರ ಎರಡು ತುದಿಗಳನ್ನು ರೋಲರುಗಳಿಗೆ ಕಟ್ಟಿದ ಪಟ್ಟಿಗಳಿಗೆ ಪಿನ್ ಮಾಡಿ ಸುತ್ತಿ, ಮೇಲೆ ಬ್ಯಾಟಿಂಗ್ (ಕೌದಿಯ ನಡುವಿನ ಮೆತ್ತನೆಯ ಪದರ), ಅದರ ಮೇಲೆ ಮೇಲ್ಪದರ ಹರಡಿ, ಅಂಚಿಗೆ ಕಚ್ಚಾ ಹೊಲಿಗೆ ಹಾಕಬೇಕು. ನಾನು ಮಾಡಿದ ತಪ್ಪೆಂದರೆ ಬಟ್ಟೆಯನ್ನು ತಮಟೆಯ ಚರ್ಮದಂತೆ ಬಿಗಿದದ್ದು. ಹಾಗೆ ಬಿಗಿದರೆ ಬಟ್ಟೆ ಸೂಜಿಯೊಡನೆ ಮೇಲೆ ಕೆಳಗೆ ಜಿಗಿಯುತ್ತದೆ, ಹೊಲಿಗೆ ತಪ್ಪುತ್ತದೆ, ದಾರ ಹರಿಯುತ್ತದೆ. ಕೆಳಗಿನಿಂದ ಬೆರಳಿಟ್ಟು ಒತ್ತಿದಾಗ ಮೇಲುಗಡೆಯಿಂದ ಆ ಬೆರಳ ತುದಿಯನ್ನು ಹಿಡಿಯುವಷ್ಟು ಸಡಿಲವಿರುವುದೇ ಸರಿ.

ಇನ್ನು ಟೆನ್ಷನ್. ಮಾಮೂಲಿ ಯಂತ್ರದಲ್ಲಿ ಬಟ್ಟೆ ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಸಾಗುವುದರಿಂದ ಬಾಬಿನ್ (ಕೆಳಗಿನ ದಾರದ ಉರುಳೆ) ಕೂರುವ ಕೇಸಿನ ತಿರುಪನ್ನು ವರ್ಷಗಟ್ಟಲೆ ಮುಟ್ಟದಿದ್ದರೂ ನಡೆಯುತ್ತದೆ. ಲಾಂಗ್‌ಆರ್ಮ್ ಎಲ್ಲ ದಿಕ್ಕುಗಳಿಗೂ ವೇಗವಾಗಿ ಓಡುತ್ತದೆ. ತಿರುವುಗಳಲ್ಲಿ ಸೂಜಿ ತುಸು ಬಾಗುತ್ತದೆ, ಮೇಲಿನ ದಾರದ ಮೇಲೆ ಎಳೆತ ಬದಲಾಗುತ್ತದೆ. ನನ್ನ ಮೊದಲ ತುಣುಕು ಮೇಲಿನಿಂದ ಅಂದವಾಗಿಯೇ ಕಂಡಿತು. ತಿರುಗಿಸಿ ನೋಡಿದರೆ ಪ್ರತಿ ಬಳ್ಳಿಯ ತಿರುವಿನಲ್ಲೂ ಮೇಲಿನ ದಾರ ಕಣ್ಣಿನ ರೆಪ್ಪೆಗೂದಲುಗಳಂತೆ ಸಾಲಾಗಿ ಚಾಚಿಕೊಂಡಿತ್ತು. ಎರಡು ಸಂಜೆ ಕುಳಿತು ಆ ಹೊಲಿಗೆಗಳನ್ನೆಲ್ಲ ಬಿಚ್ಚಿದೆ.

ಕೊನೆಗೆ ದಾರಿ ತೋರಿಸಿದ್ದು ಎರಡು ಬಣ್ಣದ ದಾರ. ಮೇಲೆ ಬಿಳಿ, ಬಾಬಿನ್ನಿಗೆ ಕೆಂಪು ಹಾಕಿ ಹೊಲಿದಾಗ ಯಾವ ದಾರ ಯಾವ ಕಡೆಗೆ ಎಳೆಯಲ್ಪಡುತ್ತಿದೆ ಎಂಬುದು ಒಂದೇ ನೋಟಕ್ಕೆ ತಿಳಿಯಿತು: ಅಡಿಯಲ್ಲಿ ಬಿಳಿ ಇಣುಕಿದರೆ ಮೇಲಿನ ಟೆನ್ಷನ್ ಸಾಲದು, ಮೇಲೆ ಕೆಂಪು ಚುಕ್ಕೆ ಕಂಡರೆ ಅದು ಹೆಚ್ಚಾಗಿದೆ. ಸರಿಪಡಿಸುವುದನ್ನು ಯಾವಾಗಲೂ ಬಾಬಿನ್ನಿನಿಂದಲೇ ಆರಂಭಿಸಬೇಕು. ಬಾಬಿನ್ ಕೂರಿಸಿದ ಕೇಸನ್ನು ಅದರ ದಾರದ ತುದಿ ಹಿಡಿದು ತೂಗುಬಿಟ್ಟು ಕೈಯನ್ನು ಮೆಲ್ಲಗೆ ಜಗ್ಗಿದಾಗ ಅದು ಜೇಡದಂತೆ ಸ್ವಲ್ಪ ಇಳಿದು ನಿಲ್ಲಬೇಕು. ಸರ್ರನೆ ನೆಲಕ್ಕಿಳಿದರೆ ಸಡಿಲ, ಅಲುಗದೇ ಇದ್ದರೆ ಬಿಗಿ. ತಿರುಪನ್ನು ಗಡಿಯಾರದ ನಿಮಿಷದ ಮುಳ್ಳು ಐದು ನಿಮಿಷ ಸರಿದಷ್ಟೇ ತಿರುಗಿಸಿ, ಮತ್ತೆ ಇಳಿಬಿಟ್ಟು ನೋಡಬೇಕು. ಈಗ ಪ್ರತಿ ಬಾಬಿನ್ ಬದಲಿಸಿದಾಗಲೂ ಮೇಲಿನ ದಾರವನ್ನು ಹಿಡಿದು ಬಾಬಿನ್ನಿನ ಸುತ್ತ ಹಾಯಿಸುವ ಹುಕ್ಕಿನ ಸುತ್ತಲಿನ ಹತ್ತಿಯ ನವಿರು ತೆಗೆದು, ಒಂದು ಹನಿ ಎಣ್ಣೆ ಬಿಟ್ಟು, ಅಡಿಬಟ್ಟೆಯ ಬದಿಯ ಹೆಚ್ಚುವರಿ ಅಂಚಿನಲ್ಲಿ ನಾಲ್ಕು ಸುತ್ತು ಹೊಲಿದು, ಕೈಯಿಂದ ಅಡಿಭಾಗವನ್ನು ಸವರಿ ನೋಡಿದ ಮೇಲೆಯೇ ಮುಂದುವರಿಯುತ್ತೇನೆ. ಇಷ್ಟನ್ನು ಚಿತ್ರಗಳ ಸಹಿತ ವಿವರಿಸಲು ಕೈಪಿಡಿಗೆ ನಾಲ್ಕು ಪುಟ ಸಾಕಾಗುತ್ತಿತ್ತು.

ಸ್ಟಿಚ್ ರೆಗ್ಯುಲೇಟರ್ ಮಾತ್ರ ಮೊದಲ ದಿನದಿಂದಲೇ ನಂಬಿಕೆ ಗಳಿಸಿದೆ. ಚಕ್ರಗಳಿಗೆ ತಾಗಿಕೊಂಡಿರುವ ಸಂವೇದಕಗಳು ಯಂತ್ರ ಎಷ್ಟು ಸರಿಯಿತೆಂದು ಅಳೆದು ಸೂಜಿಯ ವೇಗವನ್ನು ಅದಕ್ಕೆ ಹೊಂದಿಸುವುದರಿಂದ, ಕೈ ಓಡಿದರೂ ತಡೆದರೂ ಇಂಚಿಗೆ 10 ಹೊಲಿಗೆ ಎಂದರೆ 10 ಹೊಲಿಗೆಯೇ ಬೀಳುತ್ತದೆ. ಮೂಲೆಗಳಲ್ಲಿ ತಟ್ಟನೆ ದಿಕ್ಕು ಬದಲಿಸಿದಾಗ ಮಾತ್ರ ಒಮ್ಮೊಮ್ಮೆ ಒಂದು ಹೊಲಿಗೆ ಉದ್ದವಾಗುತ್ತದೆ. ಅರೆಕ್ಷಣ ನಿಂತು ತಿರುಗಿದರೆ ಅದೂ ಇಲ್ಲ. ಹೊಲಿಗೆಯ ಉದ್ದದ ಚಿಂತೆ ತಪ್ಪಿದ ಮೇಲೆ ಮನಸ್ಸೆಲ್ಲ ವಿನ್ಯಾಸದ ಕಡೆಗೆ ಹರಿಯುತ್ತದೆ, ಮತ್ತು ಆ ಸುಖವನ್ನು ನಾನು ಮನಸಾರೆ ಅನುಭವಿಸುತ್ತಿದ್ದೇನೆ.

ಕೊಳ್ಳುವವರು ತಿಳಿದಿರಬೇಕಾದ ಕೊರತೆಗಳೂ ಇವೆ. 20 ಇಂಚಿನ ತೋಳು ಎಂದರೆ 20 ಇಂಚು ಹೊಲಿಯಬಹುದು ಎಂದಲ್ಲ. ರೋಲರ್ ಮತ್ತು ಅದರ ಮೇಲೆ ಸುತ್ತಿಕೊಳ್ಳುವ ಕೌದಿ ಜಾಗ ತಿನ್ನುತ್ತವೆ, ಆ ಸುತ್ತು ದಪ್ಪವಾದಂತೆ ಕೈಗೆ ಸಿಗುವ ಜಾಗ ಇನ್ನೂ ಕುಗ್ಗುತ್ತದೆ. ದೀಪವನ್ನು ಸೂಜಿಯ ನೆತ್ತಿಯ ಮೇಲೆಯೇ ಇಟ್ಟಿದ್ದಾರೆ. ಬಿಳಿ ಬಟ್ಟೆಯ ಮೇಲೆ ಬಿಳಿ ದಾರ ಕಾಣಬೇಕಾದರೆ ಬೆಳಕು ಬದಿಯಿಂದ ಓರೆಯಾಗಿ ಬೀಳಬೇಕು. ನಾನು ಪಕ್ಕದಲ್ಲೊಂದು ನಿಲ್ಲುವ ದೀಪ ಇಟ್ಟುಕೊಂಡಿದ್ದೇನೆ. ಅಳತೆಪಟ್ಟಿ ಒತ್ತಿ ಹಿಡಿದು ನೇರ ಗೆರೆ ಹೊಲಿಯುವವರಿಗೆ ಅತ್ಯಗತ್ಯವಾದ ಅಗಲದ ಅಡಿಹಲಗೆಯನ್ನು ಬೇರೆಯಾಗಿ ಕೊಳ್ಳಬೇಕು. ಆಸರೆಯಿಲ್ಲದ ಪಟ್ಟಿ ಓರೆಯಾಗಿ ಸೂಜಿಯ ಕೆಳಗೆ ಜಾರಿದರೆ ಸೂಜಿ ಮುರಿಯುವುದಷ್ಟೇ ಅಲ್ಲ, ಹುಕ್ಕಿನ ಟೈಮಿಂಗ್ (ಸೂಜಿಯೊಡನೆ ಅದರ ಚಲನೆಯ ಹೊಂದಾಣಿಕೆ) ಕೂಡ ತಪ್ಪಬಹುದು. ಅಂಥ ಹಲಗೆಯನ್ನು ಯಂತ್ರದ ಪೆಟ್ಟಿಗೆಯಲ್ಲಿಯೇ ಇಟ್ಟು ಕಳುಹಿಸಬೇಕಿತ್ತು.